ದಾರಿ ತಪ್ಪಿದ ವೀಳ್ಯ

ನಮ್ಮ ಮಾವ ಕೋದಂಡರಾಮಯ್ಯನವರು ಹಾಡದೆ ಒಂದು ಗೇಣು ಬಟ್ಟೆ ನೇಯ್ದದ್ದನ್ನೂ ನಾನು ಕಾಣೆ. ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತರೆಂದರೆ ಮೊದಲು ಕಾಲು ತುಳಿಯುತ್ತಿತ್ತು, ಆಮೇಲೆ ಕೈಯಲ್ಲಿ ಲಾಳಿ ಓಡುತ್ತಿತ್ತು, ಅದರ ಹಿಂದೆಯೇ ಬಾಯಿ ತೆರೆಯುತ್ತಿತ್ತು. ಕುಳ್ಳಗಿನ ಆಳು. ಹತ್ತಿಯ ದೂಳು ಹುಬ್ಬಿನ ಮೇಲೆ ಕೂತು, ವಯಸ್ಸಿಗೆ ಮುಂಚೆಯೇ ನರೆತವರ ಹಾಗೆ ಕಾಣುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಎದ್ದಾಗ ನಮ್ಮ ಅತ್ತೆ ಬನಶಂಕರಮ್ಮ, ನಾನು ಒಳಗಿದ್ದೇನೆ ಎಂದುಕೊಂಡು, ಸೆರಗಿನಿಂದ ಆ ಹುಬ್ಬು ಒರೆಸಿ ಈಗ ಮದುವೆ ಗಂಡಿನ ಹಾಗಾದಿರಿ ಎನ್ನುತ್ತಿದ್ದರು. ಅವರು ಅದನ್ನೂ ರಾಗದಲ್ಲಿಯೇ ತಿರುಗಿ ಹೇಳುತ್ತಿದ್ದರು.

ನಾನು ಸೊಸೆಯಾಗಿ ದೊಡ್ಡಬಳ್ಳಾಪುರದ ಆ ಬೀದಿಗೆ ಬಂದ ಹೊಸದರಲ್ಲಿ ಒಂದು ವಿಷಯ ನನಗೆ ಅರ್ಥವಾಗುತ್ತಿರಲಿಲ್ಲ. ಹಾಡು ನಮ್ಮ ಮನೆಯಲ್ಲಿ ಶುರುವಾಗುತ್ತಿತ್ತು. ನಡುವೆ ಮಾವ ಸುಮ್ಮನಾದರೆ ಅದೇ ಹಾಡು ಪಕ್ಕದ ಮನೆಯಿಂದ ಮುಂದುವರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಎದುರು ಸಾಲಿನ ಯಾವುದೋ ಮನೆಯಿಂದ ಕೇಳುತ್ತಿತ್ತು. ಮತ್ತೆ ತಿರುಗಿ ನಮ್ಮ ಮನೆಗೇ ಬರುತ್ತಿತ್ತು. ಅತ್ತೆಯನ್ನು ಕೇಳಿದೆ. ಲಾಳಿಯೊಳಗೆ ಕೂರಿಸುವ ನೂಲಿನ ಕಂಡಿಕೆಯನ್ನು ರಾಟೆಯಲ್ಲಿ ಸುತ್ತುತ್ತಾ ಅವರು ಹೇಳಿದ್ದಿಷ್ಟು: ಮಗ್ಗದ ಮೇಲೆ ಎಳೆ ಕಡಿಯದ ದಿನವಿಲ್ಲ. ಎಳೆ ಕಡಿದರೆ ಅದರ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಉಸಿರು ಬಿಗಿಹಿಡಿದು ಗಂಟು ಹಾಕಬೇಕು. ಆಗ ಹಾಡುವುದಕ್ಕೆ ಆಗುವುದಿಲ್ಲ. ಅದಕ್ಕೇ ಪಕ್ಕದವರು ಹಿಡಿದುಕೊಳ್ಳುತ್ತಾರೆ. ಒಬ್ಬರ ಎಳೆ ಕಡಿದರೆ ಇನ್ನೊಬ್ಬರ ಹಾಡು. ಕೆಲಸವೂ ನಿಲ್ಲಬಾರದು, ದೇವರ ಹೆಸರೂ ಕೆಳಗೆ ಬೀಳಬಾರದು, ಅಷ್ಟೇ.

ಪಕ್ಕದ ಮನೆಯವರು ರಾಮಲಿಂಗಯ್ಯ. ಉದ್ದಕ್ಕೆ ತೆಳ್ಳಗೆ ಇದ್ದರು, ಎಲ್ಲದಕ್ಕೂ ಒಂದು ತಕರಾರು. ಬಚ್ಚಲು ನೀರಿನ ಮೋರಿಗಾಗಿ ನಮ್ಮ ಮಾವನಿಗೂ ಅವರಿಗೂ ಜಗಳವಾಗಿ ಒಂದು ವರ್ಷ ಮಾತು ಬಿಟ್ಟಿದ್ದರಂತೆ. ಆ ವರ್ಷವೆಲ್ಲ ಹಾಡು ಮಾತ್ರ ಗೋಡೆ ದಾಟುವುದು ತಪ್ಪಲಿಲ್ಲವಂತೆ. ಮಾತು ಬಿಟ್ಟವರ ಬಾಯಿಂದ ಪಲ್ಲವಿ ಹಿಡಿಯಬಾರದು ಎಂದು ಯಾವ ಶಾಸ್ತ್ರವೂ ಇಲ್ಲವಲ್ಲ ಎಂದು ಅತ್ತೆ ನಗುತ್ತಿದ್ದರು.

ಈ ಹಾಡುವವರೆಲ್ಲ ಸೇರಿದ್ದೇ ವೇಣುಗೋಪಾಲ ಭಜನಾ ಮಂಡಳಿ. ನೂಲಿನ ಮೂಟೆಯ ಜೊತೆ ಬೆಂಗಳೂರಿನ ಸಾಹುಕಾರರು ಕಳಿಸಿದ್ದ ಪಟವೊಂದನ್ನು ಮಾವ ಮಗ್ಗದ ಎದುರಿಗೆ ಅಂಟಿಸಿದ್ದರು. ಕೊಳಲು ಹಿಡಿದ ಕೃಷ್ಣ, ಕಾಲ ಬಳಿ ಒಂದು ಕರು. ಆ ಪಟದ ಹೆಸರನ್ನೇ ಮಂಡಳಿಗೆ ಇಟ್ಟರು. ಬೀದಿಯ ಹಿರಿಯರು ಆಕ್ಷೇಪಿಸಿ, ನಮ್ಮ ಕುಲದೇವತೆ ಚೌಡೇಶ್ವರಮ್ಮನ ಹೆಸರು ಯಾಕಾಗಬಾರದು ಎಂದಾಗ ಮಾವ, ಅಮ್ಮನಿಗೆ ಗುಡಿ ಇದೆ, ಪೂಜಾರಿ ಇದ್ದಾರೆ, ಬೀದಿಗೆ ಬೀದಿಯೇ ಇದೆ, ಈ ಕೊಳಲಿನವನಿಗೆ ಇಲ್ಲಿ ಯಾರಿದ್ದಾರೆ ಪಾಪ ಎಂದರಂತೆ. ಪಟದ ಹೆಸರೇ ಉಳಿಯಿತು.

ಯುದ್ಧ ಬಂತು. ನೂಲಿಗೆ ಕಂಟ್ರೋಲು ಬಂತು. ಮಗ್ಗಗಳು ವಾರಗಟ್ಟಲೆ ಖಾಲಿ ನಿಂತವು. ನಮ್ಮ ಯಜಮಾನರೂ ಸೇರಿದಂತೆ ವಯಸ್ಸಿನ ಗಂಡಸರೆಲ್ಲ ಒಬ್ಬೊಬ್ಬರಾಗಿ ಬೆಂಗಳೂರಿನ ಗಿರಣಿಗಳಿಗೆ ಹೋದರು. ಬೀದಿ ತುಂಬ ಇದ್ದ ಮಂಡಳಿಯಲ್ಲಿ ಉಳಿದವರು ನಾಲ್ಕೇ ಜನ: ಮಾವ, ರಾಮಲಿಂಗಯ್ಯ, ಮದ್ದಳೆ ಬಾರಿಸುವ ಕೊಂಡಪ್ಪ, ಕಣ್ಣು ಮಂಜಾದ ಅವರ ಅಣ್ಣ. ಒಮ್ಮೆ ಅರಿಶಿನಕುಂಟೆಯ ಮದುವೆ ಮನೆಯೊಂದಕ್ಕೆ ಹೋಗಿ ತಮ್ಮ ರೀತಿಯಲ್ಲೇ ಒಬ್ಬರ ಬಾಯಿಂದ ಒಬ್ಬರು ಹಿಡಿದು ಹಾಡಿದರು. ಒಬ್ಬ ಹಾಡೋಕೆ ಬಂದವ್ನೆ, ಮಿಕ್ಕವರು ಊಟಕ್ಕೆ ಬಂದವ್ರೆ ಎಂದು ಬೀಗರ ಕಡೆಯವರು ನಕ್ಕರು. ಆಮೇಲೆ ಯಾರೂ ಕರೆಯಲಿಲ್ಲ. ಮಾವ ಕಂಚಿನ ತಾಳವನ್ನು ಕೃಷ್ಣನ ಪಟದ ಪಕ್ಕದ ಮೊಳೆಗೆ ತಗುಲಿಹಾಕಿದರು. ಮನೆಯಲ್ಲಿ ಹಾಡುವುದು ಬಿಡಲಿಲ್ಲ, ಆದರೆ ಮೊಳೆಯ ಕಡೆ ನೋಡುವುದನ್ನು ಬಿಟ್ಟರು.

ಯುದ್ಧ ಮುಗಿದ ಮರುವರ್ಷ, ಸಂತೆಯ ದಿನ, ಆವತಿ ಕಡೆಯಿಂದ ಮುನಿರಾಮಯ್ಯ ಎನ್ನುವವರು ನಮ್ಮ ಮನೆ ಹುಡುಕಿಕೊಂಡು ಬಂದರು. ಅವರ ಊರಿನ ರೈತ ಗೋಪಾಲಪ್ಪನವರ ಮಗ ಸಂಜೀವಪ್ಪ ದಂಡಿಗೆ ಸೇರಿ ಬರ್ಮಾದ ಕಡೆ ಹೋಗಿದ್ದನಂತೆ. ಬಹಳ ಕಾಲ ಸುದ್ದಿಯೇ ಇರಲಿಲ್ಲ. ಮಗ ಮನೆಗೆ ಬಂದರೆ ವೇಣುಗೋಪಾಲ ಮಂಡಳಿಯವರಿಂದ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ನಾಮ ಬಿಡದೆ ಭಜನೆ ಮಾಡಿಸುತ್ತೇನೆ ಎಂದು ಗೋಪಾಲಪ್ಪ ಹರಕೆ ಹೊತ್ತಿದ್ದರು. ಮಗ ಬಂದಿದ್ದ. ಮುನಿರಾಮಯ್ಯ ಸಂತೆಗೆ ಹೊರಟಿದ್ದವರು, ಮಂಡಳಿಗೆ ವೀಳ್ಯ ಕೊಟ್ಟು ಬರುವ ಕೆಲಸವನ್ನೂ ವಹಿಸಿಕೊಂಡಿದ್ದರು. ಸಂತೆಯಲ್ಲಿ ಯಾರನ್ನೋ ಕೇಳಿದರು, ಅವರು ನಮ್ಮ ಬೀದಿ ತೋರಿಸಿದರು.

ನಮ್ಮ ಸೀಮೆಯಲ್ಲಿ ಭಜನೆಗೆ ಕರೆಯುವುದಕ್ಕೆ ಓಲೆ ಬರೆಯುವುದಿಲ್ಲ. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಮಂಡಳಿಯ ಹೆಸರು ಹೇಳಿ, ತಾಳ ಹಿಡಿಯುವವನ ಕೈಗೆ ಕೊಡುತ್ತಾರೆ. ಅವನು ಒಂದೆಲೆ ಮಡಿಸಿ ಬಾಯಿಗೆ ಹಾಕಿಕೊಂಡರೆ ಮಾತು ಆದ ಹಾಗೆ. ಆಮೇಲೆ ಕೊಟ್ಟವನೂ ಬೇಡ ಎನ್ನುವಂತಿಲ್ಲ, ತೆಗೆದುಕೊಂಡವನೂ ಬರುವುದಿಲ್ಲ ಎನ್ನುವಂತಿಲ್ಲ. ಮಾವ ಆ ಎಲೆ ಅಗಿದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಷ್ಟು ನಿಧಾನವಾಗಿ ಅವರು ಹಬ್ಬದ ಹೋಳಿಗೆಯನ್ನೂ ತಿಂದವರಲ್ಲ. ಉಳಿದ ಎಲೆಯನ್ನು ದೇವರ ಗೂಡಿನಲ್ಲಿಟ್ಟರು. ಅದು ಬಾಡಿ ಹಳದಿಯಾದರೂ ತೆಗೆಯಲು ಬಿಡಲಿಲ್ಲ.

ನಮ್ಮ ಹೆಸರು ಆವತಿಯವರೆಗೂ ಹೋಗಿದೆ ಎಂದರೆ ಏನೋ ಎಡವಟ್ಟು ಇದ್ದೀತು ಎಂದು ಅತ್ತೆಗೆ ಅನುಮಾನ. ಬಾಯಿ ಬಿಟ್ಟು ಹೇಳಲಿಲ್ಲ. ಹೊರಡುವ ದಿನ ಮಾವನೇ ತಾಳ ಹುಣಿಸೆಹಣ್ಣಿನಿಂದ ಉಜ್ಜಿ ಹೆಗಲ ಮೇಲಿನ ಚೌಕದಲ್ಲಿ ಕಟ್ಟಿಕೊಳ್ಳುತ್ತಾ ಅತ್ತೆಗೆ ಹೇಳಿದರು.

“ನೋಡೇ, ಇದೊಂದು ಕಡೆ ಮರ್ಯಾದೆಯಾಗಿ ಹಾಡಿ ಬಂದ್ರೆ ಮಂಡಳಿ ಉಳೀತು. ಅರಿಶಿನಕುಂಟೆ ಥರಾ ಆದ್ರೆ ತಾಳ ತಗೊಂಡೋಗಿ ಅಮ್ಮನ ಗುಡೀಗೆ ಕೊಟ್ಬಿಡ್ತೀನಿ. ಮತ್ತೆ ಕೈಯಲ್ಲಿ ಮುಟ್ಟೋಲ್ಲ.”

“ಕೊಡೋರಂತೆ,” ಎಂದರು ಅತ್ತೆ. “ಮೊದ್ಲು ಈ ಮೆಣಸಿನ ಕಷಾಯ ಕುಡೀರಿ. ಗಂಟ್ಲಲ್ಲಿ ಹತ್ತಿ ಇಟ್ಕೊಂಡು ಯಾವ ಮಂಡಳಿ ಉಳಿಸ್ತೀರ.”

ಹತ್ತಿಯ ದೂಳಿನಿಂದ ಮಾವನಿಗೆ ಹತ್ತಿದ್ದ ಕೆಮ್ಮಿನ ದೆಸೆಯಿಂದಲೇ ಅತ್ತೆ ತಾವೂ ಹೊರಟರು. ಜೊತೆಗೆ ನನ್ನನ್ನೂ ಕರೆದುಕೊಂಡರು. ಎತ್ತಿನ ಗಾಡಿಯಲ್ಲಿ ಹಿಂದಿನ ದಿನವೇ ಹೊರಟು ಸಂಜೆಗೆ ಆ ಊರು ಸೇರಿದೆವು. ಪುಷ್ಯ ಮಾಸ, ರಾಗಿ ಒಕ್ಕಣೆಯ ಕಾಲ. ಊರ ಮುಂದಿನ ಕಣಗಳಲ್ಲಿ ರಾಗಿ ತೆನೆ ಹರಡಿತ್ತು.

ಭಜನೆ ಮನೆಯ ಮುಂದೆ ಆಗಲೇ ಗಾಡಿಗಳು ನಿಂತಿದ್ದವು. ಒಳಗೆ ಹಾರ್ಮೋನಿಯಂ ಕೇಳುತ್ತಿತ್ತು. ಸೂಲಿಬೆಲೆ ಕಡೆಯ ಹಳ್ಳಿಯೊಂದರಿಂದ ಬಂದಿದ್ದ ರೈತರು, ಮೂವತ್ತು ಜನಕ್ಕೆ ಕಡಿಮೆಯಿಲ್ಲ, ಕಾಲಿಗೆ ಗೆಜ್ಜೆ ಕಟ್ಟಿ ನೋಡಿಕೊಳ್ಳುತ್ತಿದ್ದರು. ಅವರ ಮುಂದಾಳು ಅಪ್ಪಯ್ಯಣ್ಣ. ದೊಡ್ಡ ರುಮಾಲು, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಗಂಟಲು. ಯಾವ ಮಂಡಳಿ ನಿಮ್ಮದು ಎಂದು ಮಾವ ವಿನಯವಾಗಿ ಕೇಳಿದರು. ವೇಣುಗೋಪಾಲ ಮಂಡಳಿ ಎಂದರು ಅಪ್ಪಯ್ಯಣ್ಣ.

ಆಮೇಲೆ ಎಲ್ಲ ಬಯಲಾಯಿತು. ಹಿಂದೊಮ್ಮೆ ಅವರ ಊರಿನ ದನಗಳಿಗೆ ಕಾಲುಬಾಯಿ ಜ್ವರ ಬಂದು ವಾಸಿಯಾದಾಗ, ದನ ಕಾಯುವ ದೇವರು ಎಂದು ಅವರು ಆ ಹೆಸರಿನಲ್ಲಿ ಮಂಡಳಿ ಕಟ್ಟಿದ್ದರು. ಗೋಪಾಲಪ್ಪ ನೆಂಟರ ಮನೆಯಲ್ಲಿ ಕೇಳಿ ಮೆಚ್ಚಿದ್ದು ಅವರ ಕುಣಿತದ ಭಜನೆಯನ್ನು. ಅಲ್ಲಿಗೆ ವೀಳ್ಯ ತಲುಪಿಲ್ಲವೆಂದು ನೆಂಟರಿಂದ ಕೇಳಿ, ಇನ್ನೊಬ್ಬರ ಕೈಲಿ ಮತ್ತೊಂದು ವೀಳ್ಯ ಕಳಿಸಿದ್ದರು. ಮುನಿರಾಮಯ್ಯ ತಂದದ್ದು ದಾರಿ ತಪ್ಪಿದ ವೀಳ್ಯ. ಆದರೆ ಎಲೆ ಅಗಿದಾಗಿತ್ತು. ಗೋಪಾಲಪ್ಪ ಒಳ್ಳೆಯ ಮನುಷ್ಯ. ಮುಖವೆಲ್ಲ ಕೆಂಪಾಗಿ, ನಮ್ಮ ಗಾಡಿಯ ಎತ್ತಿಗೆ ತಾವೇ ಹುಲ್ಲು ಹಾಕುತ್ತಾ, ಇಬ್ಬರೂ ಇರಿ, ಇಬ್ಬರೂ ಇರಿ ಎನ್ನುತ್ತಿದ್ದರು.

ಅಪ್ಪಯ್ಯಣ್ಣ ನಮ್ಮ ನಾಲ್ವರನ್ನೂ ತಲೆಯಿಂದ ಕಾಲಿನವರೆಗೆ ನೋಡಿದರು.

“ಮಂಡ್ಳಿ ಎಲ್ಲಿ ಯಜಮಾನ್ರೇ, ಹಿಂದಿನ್ ಗಾಡೀಲಿ ಬತ್ತಾ ಐತಾ?”

“ಇಷ್ಟೇ ಮಂಡಳಿ,” ಎಂದರು ಮಾವ.

ಅವರ ಕಡೆಯವರು ನಕ್ಕರು. ಅಪ್ಪಯ್ಯಣ್ಣ ನಗಲಿಲ್ಲ. ಒಂದೇ ಹೆಸರಿನಲ್ಲಿ ಎರಡು ಮಂಡಳಿ ಇದ್ದರೆ ಹೀಗೆ ವೀಳ್ಯ ದಾರಿ ತಪ್ಪುತ್ತದೆ, ಕರೆದವರಿಗೂ ಕಷ್ಟ, ಬಂದವರಿಗೂ ಕಷ್ಟ, ಆದ್ದರಿಂದ ನೀವು ಬೇರೆ ಹೆಸರು ಇಟ್ಟುಕೊಳ್ಳಿ ಎಂದು ನೆರೆದವರೆಲ್ಲರ ಮುಂದೆ ಹೇಳಿದರು. ಮಾತು ನ್ಯಾಯವಾಗಿಯೇ ಇತ್ತು. ಊರಿನ ಹಿರಿಯರೂ ತಲೆದೂಗಿದರು. ಹಗಲೆಲ್ಲ ಸೂಲಿಬೆಲೆಯವರು ಹಾಡಲಿ, ಸಂಜೆ ಮಂಗಳಕ್ಕೆ ಮುಂಚೆ ನೇಕಾರರು ಒಂದು ಹಾಡು ಹೇಳಲಿ, ಹೆಸರಿನ ಮಾತು ಆಮೇಲೆ ತೀರ್ಮಾನವಾಗಲಿ ಎಂದರು. ಮಾವ ಚೌಕದ ಗಂಟನ್ನು ಬೆರಳಲ್ಲಿ ತಿರುಗಿಸುತ್ತಾ, ಮಂಗಳವಾದ ಮೇಲೆ ನೀವು ಹೇಳಿದ ಹಾಗೆ ಮಾಡುತ್ತೇವೆ ಎಂದುಬಿಟ್ಟರು. ರಾಮಲಿಂಗಯ್ಯ ಬಾಯಿ ತೆರೆದರು, ಅತ್ತೆ ಅವರ ಕಡೆ ಒಂದು ನೋಟ ಹರಿಸಿದರು, ಬಾಯಿ ಮುಚ್ಚಿಕೊಂಡರು.

ಬೆಳಗಿನ ಜಾವ ದೀಪ ಹಚ್ಚಿ, ಸೂರ್ಯ ಕಂಡ ಕೂಡಲೇ ನಾಮ ಎತ್ತಿದರು. ವೇಣುಗೋಪಾಲ ಗೋವಿಂದ, ಗೋವಿಂದ ವೇಣುಗೋಪಾಲ. ಅಷ್ಟೇ ನಾಮ. ಸುಳ್ಳು ಹೇಳಬಾರದು, ಅವರು ಹಾಡಿದ್ದು ಬಹಳ ಚೆನ್ನಾಗಿತ್ತು. ಮೂವತ್ತು ಗಂಟಲು ಒಟ್ಟಿಗೆ ಏಳುತ್ತಿತ್ತು, ಒಟ್ಟಿಗೆ ಇಳಿಯುತ್ತಿತ್ತು. ದೀಪದ ಸುತ್ತ ಕುಣಿದರೆ ನೆಲ ಅದುರುತ್ತಿತ್ತು. ಸಂಜೀವಪ್ಪನೂ ಕಂಬಕ್ಕೆ ಒರಗಿ ಕೂತು ನೋಡುತ್ತಿದ್ದ. ಗೋಡೆಯ ಪಕ್ಕ ಕೂತಿದ್ದ ನಮ್ಮ ಮಾವ ತೊಡೆಯ ಮೇಲೆ ತಾಳ ಹಾಕುತ್ತಾ, ಬೇಷ್, ಇದಪ್ಪ ಹಾಡು ಎಂದು ಕೊಂಡಪ್ಪನಿಗೆ ಹೇಳಿದರು. ನನಗೆ ಹೊಟ್ಟೆ ಉರಿಯಿತು. ಅವರಿಗೆ ಉರಿಯಲಿಲ್ಲ.

ಮಧ್ಯಾಹ್ನದ ಊಟದ ಪಂಕ್ತಿ ಏಳುವ ಹೊತ್ತಿಗೆ ಬೆಳಕು ಕುಂದಿತು. ನಂದಿ ಬೆಟ್ಟದ ಕಡೆಯಿಂದ ಮೋಡ. ಆ ತಿಂಗಳಲ್ಲಿ ಮಳೆ ಯಾರೂ ಎಣಿಸಿದ್ದಲ್ಲ. ಯಾರೋ ಬಾಗಿಲಲ್ಲಿ ನಿಂತು, ಕಣದಲ್ಲಿ ರಾಗಿ ಎಂದರು. ಅಷ್ಟೇ. ಊರಿನವರೆಲ್ಲ ಎದ್ದು ಓಡಿದರು. ಸೂಲಿಬೆಲೆಯವರ ಕಾಲು ದೀಪದ ಸುತ್ತ ತಿರುಗುತ್ತಿತ್ತು, ಕಣ್ಣು ಮಾತ್ರ ಬಾಗಿಲ ಕಡೆ. ರಾಗಿ ಅವರದಲ್ಲ, ಊರೂ ಅವರದಲ್ಲ. ಆದರೆ ಒಕ್ಕಿದ ರಾಗಿ ನೆನೆಯುವುದನ್ನು ನೋಡಿಕೊಂಡು ಇರುವುದು ರೈತನ ಕೈಲಿ ಆಗುವ ಕೆಲಸವಲ್ಲ. ಒಬ್ಬ ಗೆಜ್ಜೆ ಬಿಚ್ಚಿ ಮೂಲೆಯಲ್ಲಿಟ್ಟು ಜಾರಿದ. ಅವನ ಹಿಂದೆ ಇಬ್ಬರು. ಆಮೇಲೆ ಹಿಂಡು ಹಿಂಡಾಗಿ. ಮೂವತ್ತು ಗಂಟಲಿನ ನಾಮ ನಾಲ್ಕಾರು ಗಂಟಲಿಗೆ ಇಳಿಯಿತು. ಎಲ್ಲರೂ ಒಟ್ಟಿಗೆ ಹಾಡುವ ಅಭ್ಯಾಸವಾದ್ದರಿಂದ, ಉಳಿದ ಕೆಲವರಿಗೆ ಹಾಡುವುದೇ ಮರೆತ ಹಾಗಾಗಿ ಶ್ರುತಿ ದಿಕ್ಕಾಪಾಲಾಯಿತು. ಅಪ್ಪಯ್ಯಣ್ಣ ಹಾರ್ಮೋನಿಯಂ ಮುಂದೆ ಕೂತು ಒಬ್ಬರೇ ಹಾಡನ್ನು ಎಳೆಯುತ್ತಿದ್ದರು. ಗೋಪಾಲಪ್ಪ ಕಣಕ್ಕೂ ಹೋಗಲಾರದೆ, ದೀಪವನ್ನೂ ಬಿಡಲಾರದೆ ಹೊಸ್ತಿಲಲ್ಲಿ ನಿಂತಿದ್ದರು. ನಾಮ ನಿಂತರೆ ಮಗನ ಹರಕೆ ಮುರಿದ ಹಾಗೆ.

ಮಾವ ಯಾರನ್ನೂ ಕೇಳಲಿಲ್ಲ. ಮಗ್ಗದ ಮೇಲೆ ಪಕ್ಕದ ಮನೆಯ ಎಳೆ ಕಡಿದಾಗ ಹೇಗೋ ಹಾಗೆಯೇ, ಅಪ್ಪಯ್ಯಣ್ಣನ ಸಾಲು ಮುಗಿಯುವ ಮುಂಚೆ ಅದರ ಕೊನೆ ಹಿಡಿದರು. ಧ್ವನಿ ಸಣ್ಣದು, ಆದರೆ ನೆಟ್ಟಗಿತ್ತು. ಅಪ್ಪಯ್ಯಣ್ಣ ತಿರುಗಿ ನೋಡಿದರು. ಮಾವ ಹಾಡುತ್ತಲೇ ಕೈಯಿಂದ ಬಾಗಿಲು ತೋರಿಸಿದರು. ಆ ದೊಡ್ಡ ಮನುಷ್ಯ ಒಂದು ಗಳಿಗೆ ಅನುಮಾನಿಸಿ, ಪಂಚೆ ಎತ್ತಿ ಕಟ್ಟಿ, ಗೋಪಾಲಪ್ಪನವರ ತೋಳು ಹಿಡಿದು ಎಳೆದುಕೊಂಡೇ ಓಡಿದರು, ಉಳಿದಿದ್ದ ಅವರ ಕಡೆಯವರೂ ಹಿಂದೆಯೇ ಓಡಿದರು.

ಮಳೆ ಹೆಂಚಿನ ಮೇಲೆ ಬಿತ್ತು. ಭಜನೆ ಮನೆಯಲ್ಲಿ ಉಳಿದವರು ನಮ್ಮ ನಾಲ್ವರು, ಸಂಜೀವಪ್ಪ, ಊರಿನ ಒಂದಿಬ್ಬರು ಮುದುಕಿಯರು, ಅತ್ತೆ, ನಾನು. ನಾಮ ನಮ್ಮ ಬೀದಿಯಲ್ಲಿ ನಡೆಯುವ ಹಾಗೆಯೇ ನಡೆಯಿತು. ಮಾವ ಬಿಟ್ಟರೆ ರಾಮಲಿಂಗಯ್ಯ, ಅವರು ಬಿಟ್ಟರೆ ಕೊಂಡಪ್ಪನ ಅಣ್ಣ, ತಿರುಗಿ ಮಾವ. ಅವಸರವಿಲ್ಲ, ಕೂಗಾಟವಿಲ್ಲ. ಒಬ್ಬರು ಹಾಡುವಾಗ ಇನ್ನಿಬ್ಬರು ಉಸಿರು ತೆಗೆದುಕೊಂಡು ನೀರು ಕುಡಿಯುತ್ತಿದ್ದರು. ಅರಿಶಿನಕುಂಟೆಯಲ್ಲಿ ನಗೆಪಾಟಲಾದದ್ದು ಇದೇ ಹಾಡು.

ಮಳೆಯ ತಂಡಿಗೆ ಮಾವನ ಕೆಮ್ಮು ಎದ್ದಿತು. ಸಾಲಿನ ನಡುವೆ ಗಂಟಲು ಕಟ್ಟಿತು. ರಾಮಲಿಂಗಯ್ಯ ಆಗ ತಾನೇ ನೀರಿನ ಚೊಂಬು ಎತ್ತಿದ್ದರು, ಬಾಯಿ ತುಂಬ ನೀರು. ಕೊಂಡಪ್ಪನ ಅಣ್ಣನಿಗೆ ಕಣ್ಣು ಸರಿಯಾಗಿ ಕಾಣದು, ಮಾವ ರಾಗ ಎಳೆಯುತ್ತಿದ್ದಾರೆಂದು ಕಾದು ಕೂತಿದ್ದರು. ಬರೀ ಮದ್ದಳೆ ಕೇಳಿತು.

ಆಗ ನನ್ನ ಪಕ್ಕದಿಂದ ನಾಮ ಎದ್ದಿತು. ಅತ್ತೆ. ಗಂಡಸರ ಮಂಡಳಿಯಲ್ಲಿ ಹೆಂಗಸು ಧ್ವನಿ ಎತ್ತುವ ಪದ್ಧತಿ ಆಗ ಎಲ್ಲೂ ಇರಲಿಲ್ಲ. ಅವರು ಅದನ್ನು ಯೋಚಿಸಿದ ಹಾಗೂ ಕಾಣಲಿಲ್ಲ. ಜೀವಮಾನವೆಲ್ಲ ಆ ಮಗ್ಗದ ಪಕ್ಕ ಕಂಡಿಕೆ ಸುತ್ತಿದವರು. ಮಾವನ ಎಳೆ ಎಲ್ಲಿ ಕಡಿಯುತ್ತದೆ ಎಂದು ಅವರಿಗಿಂತ ಮೊದಲು ಇವರಿಗೆ ಗೊತ್ತಾಗುತ್ತಿತ್ತು. ಕೈ ಮಡಿಲಲ್ಲಿ ರಾಟೆ ತಿರುಗಿಸುವ ಹಾಗೆ ಆಡುತ್ತಿತ್ತು. ಕಣ್ಣು ಮಾವನ ಮೇಲಿತ್ತು. ಮಾವ ಕೆಮ್ಮಿ ಕೆಮ್ಮಿ ನೀರು ತುಂಬಿದ ಕಣ್ಣಿನಲ್ಲಿ ಅವರನ್ನೇ ನೋಡುತ್ತಾ, ತಾಳವನ್ನು ಮಾತ್ರ ಬಿಡಲಿಲ್ಲ. ಸಂಜೀವಪ್ಪ ಒರಗಿದ್ದ ಕಂಬ ಬಿಟ್ಟು ನೆಟ್ಟಗೆ ಕೂತ.

ಆ ಹೊತ್ತಿಗೇ ಸೂಲಿಬೆಲೆಯವರು ತಿರುಗಿ ಬಂದರು. ಮೈಯೆಲ್ಲ ಒದ್ದೆ, ತಲೆಯಲ್ಲಿ ರಾಗಿ ಹೊಟ್ಟು. ರಾಗಿ ಉಳಿದಿತ್ತು. ಹೊಸ್ತಿಲಲ್ಲಿ ಹೆಂಗಸಿನ ಧ್ವನಿ ಕೇಳಿ ನಿಂತರು. ಅಪ್ಪಯ್ಯಣ್ಣ ರುಮಾಲು ಹಿಂಡಿಕೊಂಡು ಒಳಗೆ ಬಂದರು. ಹಾರ್ಮೋನಿಯಂ ಕಡೆ ಹೋಗಲಿಲ್ಲ, ಗೋಡೆಯ ಪಕ್ಕ ನಮ್ಮವರ ಸಾಲಿನಲ್ಲಿ ಕೂತರು. ನಡುವೆ ಹೇಗೆ ಸೇರಿಕೊಳ್ಳುವುದು ಎಂದು ಅವರಿಗೆ ತಿಳಿಯದು. ಅವರ ಹಾಡು ಯಾವತ್ತೂ ಒಟ್ಟಿಗೆ ಶುರುವಾಗುವಂಥದ್ದು. ಅತ್ತೆಯಿಂದ ರಾಮಲಿಂಗಯ್ಯ ಹಿಡಿದರು, ರಾಮಲಿಂಗಯ್ಯನಿಂದ ಮಾವ ಹಿಡಿದರು. ಮಾವ ಸಾಲಿನ ಕೊನೆಗೆ ಬಂದಾಗ ಅಪ್ಪಯ್ಯಣ್ಣನ ಮೊಣಕಾಲು ಮುಟ್ಟಿದರು. ಅಪ್ಪಯ್ಯಣ್ಣ ಮೊದಲ ಸಲ ತಪ್ಪಿದರು. ಮಾವ ತಲೆಯಾಡಿಸಿ ಇನ್ನೊಂದು ಸುತ್ತು ಹಾಡಿ ಮತ್ತೆ ಮುಟ್ಟಿದರು. ಎರಡನೆಯ ಸಲ ಹಿಡಿದರು. ಅಲ್ಲಿಂದ ಮಂಗಳದವರೆಗೆ ಎಲ್ಲರೂ ಬೆರೆತು ಹಾಡಿದರು. ಗೆಜ್ಜೆಯವರು ಕುಣಿದರು, ನಮ್ಮವರು ಕೂತಲ್ಲೇ ಕೂತಿದ್ದರು.

ಸೂರ್ಯ ಮುಳುಗಿ, ಮಂಗಳಾರತಿಯಾಗಿ, ಸಂಜೀವಪ್ಪ ಎಲ್ಲರ ಕಾಲಿಗೂ ನಮಸ್ಕಾರ ಮಾಡಿದ. ಅತ್ತೆಯ ಕಾಲಿಗೂ ಮಾಡಿದ. ಮಾವ ತಾಳವನ್ನು ಚೌಕದಲ್ಲಿ ಸುತ್ತಿ ಗಂಟು ಹಾಕಿ ಹಿರಿಯರ ಮುಂದೆ ನಿಂತರು. ಕೊಟ್ಟ ಮಾತು ಮರೆಯುವವರಲ್ಲ.

“ಹೆಸರಿನ ವಿಚಾರ ಮುಗಿಸ್ಬಿಡೋಣ. ಏನಂತ ಬದಲಾಯಿಸ್ಕೋಬೇಕು, ನೀವೇ ಹೇಳಿ.”

ಹಿರಿಯರು ಅಪ್ಪಯ್ಯಣ್ಣನ ಮುಖ ನೋಡಿದರು. ಅವರು ಮೀಸೆಗೆ ಅಂಟಿದ್ದ ರಾಗಿ ಹೊಟ್ಟು ತೆಗೆಯುತ್ತಿದ್ದರು.

“ಯಾವ್ ಹೆಸ್ರು? ಗೋಪಾಲಪ್ಪ ಹರ್ಕೆ ಹೊತ್ತಿದ್ದು ವೇಣುಗೋಪಾಲ ಮಂಡ್ಳಿ ಹೆಸ್ರಲ್ಲಿ. ಹೊತ್ತುಟ್ಟಿದಾಗಿಂದ ಮುಳುಗೋಗಂಟ ವೇಣುಗೋಪಾಲ ಮಂಡ್ಳೀನೇ ಹಾಡ್ತು. ನೀವು ಬೇರೆ ಹೆಸ್ರವ್ರಾಗಿದ್ರೆ ಹರ್ಕೆ ಮುರ್ದೋಗ್ತಿತ್ತಲ್ಲಾ ಯಜಮಾನ್ರೇ.”

ಮಾವ ಚೌಕದ ಗಂಟನ್ನು ಇನ್ನೊಮ್ಮೆ ಬಿಗಿ ಮಾಡಿದರು. ಆಮೇಲೆ, “ಮತ್ತೆ ವೀಳ್ಯ ದಾರಿ ತಪ್ಪಿದ್ರೆ?” ಎಂದರು.

“ತಪ್ಲಿ ಬಿಡಿ. ಇಬ್ರಲ್ಲಿ ಯಾರ್ಗೋ ಒಬ್ರಿಗೆ ಸಿಗ್ತದೆ.”

ನಮ್ಮ ಗಾಡಿ ಊರ ಕಡೆ ತಿರುಗಿತು. ದೊಡ್ಡಬಳ್ಳಾಪುರ ಹತ್ತಿರವಾದಾಗ ಮಾವ ಅತ್ತೆಗೆ, ನೀನು ಎರಡನೇ ಸಾಲಿನಲ್ಲಿ ಶ್ರುತಿ ಸ್ವಲ್ಪ ಏರಿಸಿಬಿಟ್ಟೆ ಕಣೇ ಎಂದರು. ನೀವು ಇಳಿಸಿದ್ದಿರಿ, ನಾನು ಸರಿ ಮಾಡಿದೆ ಎಂದರು ಅತ್ತೆ. ಮನೆಗೆ ಬಂದ ಮೇಲೆ ತಾಳ ಗುಡಿಗೆ ಹೋಗಲಿಲ್ಲ. ಮೊಳೆಗೇ ಹೋಯಿತು, ಆದರೆ ದಿನಕ್ಕೊಮ್ಮೆ ಇಳಿಯುತ್ತಿತ್ತು.

ಅದಾದ ಮೇಲೆ ವೀಳ್ಯಗಳು ನಿಜವಾಗಿಯೂ ದಾರಿ ತಪ್ಪತೊಡಗಿದವು. ಯಾರಾದರೂ ತಟ್ಟೆ ಹಿಡಿದು ಬಂದರೆ ಮಾವ ಮೊದಲು ಕೇಳುತ್ತಿದ್ದರು, ನಿಮಗೆ ಕುಣಿಯುವವರು ಬೇಕೋ ಕೂರುವವರು ಬೇಕೋ ಎಂದು. ಕುಣಿಯುವವರು ಎಂದರೆ ಸೂಲಿಬೆಲೆಯ ದಾರಿ ಹೇಳಿ, ದಾರಿ ತೋರಿಸಿದ ಕೂಲಿಯೆಂದು ಒಂದೆಲೆ ಮಾತ್ರ ತೆಗೆದುಕೊಳ್ಳುತ್ತಿದ್ದರು. ಅದನ್ನು ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ, ಹಾಕಿಕೊಂಡರೆ ಮಾತು ಆಗಿಬಿಡುತ್ತದಲ್ಲ. ಅತ್ತೆಗೆ ಕೊಡುತ್ತಿದ್ದರು. ಅಪ್ಪಯ್ಯಣ್ಣನೂ ಆ ಕಡೆಯಿಂದ, ಸದ್ದು ಬೇಡ ಎನ್ನುವವರನ್ನು ನಮ್ಮ ಬೀದಿಗೆ ಕಳಿಸುತ್ತಿದ್ದರು. ಗಿರಣಿಗೆ ಹೋದವರಲ್ಲಿ ಇಬ್ಬರು ಮೂವರು ರಜೆಗೆ ಬಂದಾಗ ಮತ್ತೆ ಸೇರಿಕೊಂಡರು.

ಕೊನೆಕೊನೆಗೆ ಮಾವ ಹಾಸಿಗೆ ಹಿಡಿದರು. ಎದೆಯಲ್ಲಿ ಹತ್ತಿ ತುಂಬಿಕೊಂಡಿತ್ತು, ಹಾಡು ಹೊರಡುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ರಾಮಲಿಂಗಯ್ಯನ ಎಳೆ ಕಡಿದರೆ ಮಾವ ಗೋಡೆಗೆ ಬೆರಳಿನಿಂದ ತಟ್ಟುತ್ತಿದ್ದರು. ಅತ್ತೆ ಹಿಡಿದುಕೊಳ್ಳುತ್ತಿದ್ದರು. ಅಂಥದ್ದೊಂದು ದಿನ ಹೊಸಕೋಟೆಯ ಕಡೆಯಿಂದ ಯಾರೋ ವೀಳ್ಯ ತಂದರು. ಮಾವ ಮಲಗಿದಲ್ಲಿಂದಲೇ ತಮ್ಮ ಎಂದಿನ ಪ್ರಶ್ನೆ ಕೇಳಿದರು.

“ಕುಣಿಯೋರು ಬೇಕಾ, ಕೂರೋರು ಬೇಕಾ?”

ಬಂದವರಿಗೆ ಗೊತ್ತಾಗಲಿಲ್ಲ. ಯಾರಾದರೂ ಆಗಬಹುದು, ವೇಣುಗೋಪಾಲ ಮಂಡಳಿ ಆದರೆ ಸಾಕು ಎಂದರು. ಮಾವ ತಟ್ಟೆಗೆ ಕೈ ಚಾಚಿ, ಅವತ್ತು ಎರಡು ಎಲೆ ತೆಗೆದುಕೊಂಡರು, ಕುಣಿಯುವವರ ಪಾಲಿಗೊಂದು, ಕೂರುವವರ ಪಾಲಿಗೊಂದು.